ಬೆಂಕಿಯ ಹೊಳೆ ಹರಿದ ಕಪ್ಪತಗುಡ್ಡ

ಗದಗ-ಬೆಟಗೇರಿಯ ಯಾವುದಾದರೊಂದು ಮಾಳಿಗೆಯ ಮೇಲೆ ನಿಂತು ದಕ್ಷಿಣದ ಕಡೆಗೆ ಕಣ್ಣು ಹಾಯಿಸಿದವರಿಗೆ ದಿಗಂತದಲ್ಲಿ ಒಂದು ನೀಲಿಯ ಗೆರೆ ಕಾಣಿಸುವುದು. ಮುಂಜಾನೆ ಅದು ತೆಳುವಾದ ಹೊಗೆಯಂತೆ ತೋರುವುದು. ಮಧ್ಯಾಹ್ನ ಬಿಸಿಲೇರಿದಾಗ ಬೂದಿಯ ಬಣ್ಣ ತಳೆಯುವುದು. ಶ್ರಾವಣದ ಮಳೆ ಎರಡು ಸಲ ಬಿದ್ದರೆ ಸಾಕು, ಹಸುರುಟ್ಟು ನಿಲ್ಲುವುದು. ಅದೇ ಕಪ್ಪತಗುಡ್ಡ. ಬಿಂಕದಕಟ್ಟಿಯ ಹತ್ತಿರ ತಲೆಯೆತ್ತಿ, ಗದಗ, ಶಿರಹಟ್ಟಿ ಮತ್ತು ಮುಂಡರಗಿ ಸೀಮೆಗಳನ್ನು ಹಾಯ್ದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 60 ಕಿಲೋಮೀಟರು ಉದ್ದಕ್ಕೆ ಈ ಗುಡ್ಡಸಾಲು ಮಲಗಿದೆ. ಎಪ್ಪತ್ತು ಗಿರಿಗಳನ್ನು ಕಂಡವನು ಸಹ ಕಪ್ಪತಗಿರಿಯನ್ನೊಮ್ಮೆ ಕಾಣಬೇಕು ಎಂಬ ಅರ್ಥದ ಮಾತು ಈ ಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಉಂಟು.

ಮದ್ದಿನ ಗಿಡಮೂಲಿಕೆಗಳಿಗಾಗಿ, ಮಲ್ಲೇಶ್ವರನ ದರ್ಶನಕ್ಕಾಗಿ, ತಂಗಾಳಿಗಾಗಿ ಈ ಗುಡ್ಡಕ್ಕೆ ಹೋಗಿ ಬಂದವರು ಅನೇಕರು. ಆದರೆ ಕಾಲಡಿಯ ಕಲ್ಲನ್ನು ನೋಡಲೆಂದೇ ಹೋದವರು ಎಷ್ಟು ಮಂದಿ? ಈ ಗುಡ್ಡದ ಬಹುಭಾಗ ಒಂದಾನೊಂದು ಕಾಲದಲ್ಲಿ ಕುದಿಯುವ ಲಾವಾರಸವಾಗಿತ್ತು, ಅದು ಹರಿದದ್ದು ಕಡಲ ನೀರಿನ ಅಡಿಯಲ್ಲಿ ಎಂದರೆ ಎಂಥವರೂ ಒಂದು ಕ್ಷಣ ಬೆರಗಾಗುವರು. ರಜೆಯ ದಿನ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಯೋಚಿಸುವ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಹತ್ತಿರದಲ್ಲಿ ಮತ್ತೊಂದಿಲ್ಲ.

ಕೆನೆಗಟ್ಟಿದ ಬೆಂಕಿ

ಹವಾಯಿ ದ್ವೀಪದಲ್ಲಿ ನಾಹುಕು ಎಂಬ ಹೆಸರಿನ ಒಂದು ಸುರಂಗವಿದೆ. 1913ರಲ್ಲಿ ಹೊರಗಿನವರ ಕಣ್ಣಿಗೆ ಬಿದ್ದ ಅದನ್ನು ನೋಡಲು ಈಗ ತಂದೆತಾಯಿಗಳು ಮಕ್ಕಳ ಕೈಹಿಡಿದು ಹೋಗುತ್ತಾರೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿಯೂ ಇಂತಹುದೇ ಸುರಂಗವುಂಟು. ಅದನ್ನು ಮನುಷ್ಯರು ಕೊರೆದುದಲ್ಲ, ನೀರು ಕೊರೆದುದೂ ಅಲ್ಲ. ಅದನ್ನು ಮಾಡಿದ್ದು ಬೆಂಕಿ.

ಕಾದ ಹಾಲನ್ನು ಒಲೆಯಿಂದ ಇಳಿಸಿಟ್ಟರೆ ಮೇಲೆ ಕೆನೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಕೆನೆಯ ಕೆಳಗಿನ ಹಾಲು ಬಹಳ ಹೊತ್ತು ಬಿಸಿಯಾಗಿಯೇ ಇರುವುದು. ಜ್ವಾಲಾಮುಖಿಯಿಂದ ಹೊರಬಿದ್ದ ಲಾವಾರಸದ ಗತಿಯೂ ಅದೇ. ಹೊರಬೀಳುವಾಗ ಅದರ ಉಷ್ಣತೆ 1100 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಗಾಳಿ ತಾಕಿದ ಮೇಲ್ಭಾಗ ಬೇಗನೆ ಹೆಪ್ಪುಗಟ್ಟಿ ಕಲ್ಲಿನ ಚಾವಣಿಯಾಗುವುದು. ಆ ಚಾವಣಿ ಒಳಗಿನ ಶಾಖವನ್ನು ಹೊರಗೆ ಬಿಡದೆ ಕಾಪಾಡುವುದರಿಂದ ಅಡಿಯಲ್ಲಿ ರಸ ತಣ್ಣಗಾಗದೆ ಮೈಲಿಗಟ್ಟಲೆ ಹರಿಯುವುದು. ಮೂಲದಲ್ಲಿ ರಸ ಬತ್ತಿದಾಗ ಒಳಗಿನದೆಲ್ಲ ತಗ್ಗಿಗೆ ಬಸಿದು ಹೋಗಿ ಖಾಲಿ ಕೊಳವೆ ಉಳಿಯುವುದು. ಹವಾಯಿಯ ಕಜುಮುರ ಎಂಬ ಇಂತಹ ಕೊಳವೆಯ ಉದ್ದ ಸುಮಾರು 65 ಕಿಲೋಮೀಟರು. ಬಹುತೇಕ ಕಪ್ಪತಗುಡ್ಡದ ಸಾಲಿನಷ್ಟೇ.

ಈ ಕೊಳವೆಗಳ ಮೇಲೆ ನಮ್ಮ ದೇಶದ ವಿಜ್ಞಾನಿಗಳ ಕಣ್ಣೂ ಬಿದ್ದಿದೆ, ಅದೂ ಚಂದ್ರಲೋಕದಲ್ಲಿ! 2008ರಲ್ಲಿ ಹಾರಿದ ಚಂದ್ರಯಾನ-1 ತೆಗೆದ ಚಿತ್ರಗಳನ್ನು ಪರಿಶೀಲಿಸಿ, ಚಂದ್ರನ ಮೇಲೆ ಚಾವಣಿ ಕುಸಿಯದೆ ಉಳಿದಿರುವ, ಸುಮಾರು 1.7 ಕಿಲೋಮೀಟರು ಉದ್ದದ ಲಾವಾ ಕೊಳವೆಯೊಂದನ್ನು ಅವರು ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಮುಂದೊಂದು ದಿನ ಚಂದ್ರನಲ್ಲಿ ಬಿಡಾರ ಹೂಡುವ ಮಾನವನಿಗೆ ಬಿಸಿಲು, ಚಳಿ, ಉಲ್ಕೆಗಳಿಂದ ರಕ್ಷಣೆ ಕೊಡಲು ಇಂತಹ ಗವಿಯೇ ಒದಗಬಹುದೆಂದು ಅವರ ಎಣಿಕೆ.

ಹಾಗಾದರೆ ಕಪ್ಪತಗುಡ್ಡದಲ್ಲಿಯೂ ಅಂತಹ ಗವಿಯುಂಟೇ? ಇಲ್ಲ. ಆದರೆ ಆ ಗವಿಗಳ ಹಿರಿಯ ಬಂಧುಗಳು ಇಲ್ಲಿವೆ.

ಕಡಲ ತಳದ ದಿಂಬುಗಳು

ಲಾವಾರಸ ಬಯಲಿನಲ್ಲಿ ಹರಿಯದೆ ನೀರಿನೊಳಗೆ ಉಕ್ಕಿದರೆ ಏನಾಗುವುದು? ಚಕ್ಕುಲಿಯ ಒರಳಿನಿಂದ ಹಿಟ್ಟು ಒತ್ತಿದಂತೆ ನೆಲದ ಬಿರುಕಿನಿಂದ ರಸದ ಮುದ್ದೆ ಹೊರಬರುವುದು. ತಣ್ಣೀರು ತಾಕಿದ ಕೂಡಲೇ ಅದರ ಮೈಮೇಲೆ ಗಾಜಿನಂತಹ ತೊಗಲು ಕಟ್ಟುವುದು. ಒಳಗಿನ ರಸ ಒತ್ತುತ್ತಲೇ ಇರುವುದರಿಂದ ತೊಗಲು ಒಂದು ಕಡೆ ಬಿರಿದು, ಅಲ್ಲಿಂದ ಮತ್ತೊಂದು ಮುದ್ದೆ ಮೂಡುವುದು. ಅದು ಬಿರಿದು ಮಗುದೊಂದು. ಹೀಗೆ ಒಂದರ ಮೇಲೊಂದು ಪೇರಿಸಿದ ದಿಂಬುಗಳಂತೆ ಕಲ್ಲಿನ ರಾಶಿ ಬೆಳೆಯುವುದು. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುವರು. ಕಡಿದ ಬದಿಯಿಂದ ನೋಡಿದಾಗ ದಿಂಬಿನಂತೆ ತೋರಿದರೂ ವಾಸ್ತವವಾಗಿ ಅವು ಒಂದಕ್ಕೊಂದು ಹೆಣೆದುಕೊಂಡ, ರಸ ತುಂಬಿ ಗಟ್ಟಿಯಾದ ಕೊಳವೆಗಳೇ. ಹವಾಯಿಯ ಕೊಳವೆ ಬರಿದಾಯಿತು. ಇಲ್ಲಿಯದು ತುಂಬಿಕೊಂಡೇ ಕಲ್ಲಾಯಿತು. ಭೇದ ಇಷ್ಟೇ.

ಇಂತಹ ದಿಂಬುಗಳನ್ನು ಅತ್ಯಂತ ಸ್ಪಷ್ಟವಾಗಿ ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿಯ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಅದರ ಲೆಕ್ಕ. ಶ್ರೀರಂಗಪಟ್ಟಣದ ಆಸುಪಾಸಿನಿಂದ ಚಿತ್ರದುರ್ಗವನ್ನು ಹಾಯ್ದು ಉತ್ತರಕ್ಕೆ ಚಾಚಿದ ಆ ಶಿಲಾಪಟ್ಟಿಯ ಉತ್ತರದ ತುದಿಯೇ ಗದಗ ಸೀಮೆ. ಇಲ್ಲಿಯ ಲಾವಾ ಶಿಲೆಗಳಲ್ಲಿಯೂ ಅಲ್ಲಲ್ಲಿ ದಿಂಬಿನ ಆಕಾರಗಳು ಉಳಿದಿರುವುದನ್ನು ಭೂವಿಜ್ಞಾನಿಗಳು ಗುರುತಿಸಿರುವರು. ಆದರೆ ಅವು ಮರಡಿಹಳ್ಳಿಯಂತೆ ಸುಲಭವಾಗಿ ಕಣ್ಣಿಗೆ ಬೀಳುವಂತಹವಲ್ಲ. ಕೋಟ್ಯಂತರ ವರ್ಷ ನೆಲದ ಆಳದಲ್ಲಿ ಹೂತು, ಬೆಂದು, ಹಿಂಡಿ ಹಿಪ್ಪೆಯಾಗಿ, ಮಡಿಕೆ ಮಡಿಕೆಯಾಗಿ ಮೇಲೆದ್ದ ಕಲ್ಲು ಇದು. ಎಂದಾದರೂ ಇಲ್ಲಿ ಟೊಳ್ಳು ಇದ್ದಿದ್ದರೂ ಅದು ಎಂದೋ ಅಮುಕಿ ಹೋಗಿರಬೇಕು.

250 ಕೋಟಿ ವರ್ಷಗಳೆಂದರೆ ಎಷ್ಟು ಕಾಲ? ಹಿಮಾಲಯ ತಲೆಯೆತ್ತತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಬೆಳಗಾವಿ, ವಿಜಯಪುರ, ಬೀದರ ಸೀಮೆಗಳಿಗೆ ಕಪ್ಪು ಕಲ್ಲಿನ ಹಾಸಿಗೆ ಹಾಸಿದ ದಖ್ಖನ್ನಿನ ಲಾವಾ ಪ್ರವಾಹಗಳು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಕಪ್ಪತಗುಡ್ಡದ ಲಾವಾ ಹರಿದಾಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯಾಗಲಿ, ನೀರಿನಲ್ಲಿ ಒಂದು ಮೀನಾಗಲಿ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದವು. ಇಷ್ಟು ಹಳೆಯ ವಸ್ತುವಿನ ಮೇಲೆ ಚಪ್ಪಲಿಯ ಕಾಲಿಟ್ಟು ನಡೆಯುವಾಗ ಯಾರಿಗಾದರೂ ತುಸು ಸಂಕೋಚವಾದರೆ ಅದು ಸಹಜವೇ.

ಬುತ್ತಿಯ ಗಂಟಿನೊಂದಿಗೆ

ಗದಗಿನಿಂದ ಡಂಬಳದ ದಾರಿ ಹಿಡಿದು, ಅಲ್ಲಿಂದ ಡೋಣಿಯ ಕಡೆಗೆ ಹೊರಳಿದರೆ ಗುಡ್ಡದ ಮಡಿಲು ಸೇರಬಹುದು. ನಂದಿವೇರಿ ಮಠ, ಕಪ್ಪತ ಮಲ್ಲೇಶ್ವರನ ಗುಡಿ, ಗಾಳಿಗುಂಡಿ ಬಸವಣ್ಣ ಇವು ಯಾತ್ರಿಕರು ಹೋಗುವ ತಾಣಗಳು. ಹೊರಡಲು ಒಳ್ಳೆಯ ಕಾಲವೆಂದರೆ ಶ್ರಾವಣದಿಂದ ಕಾರ್ತಿಕದವರೆಗೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಇದು ಮರುಭೂಮಿಯಲ್ಲ, ಆದರೆ ಬೇಸಗೆಯಲ್ಲಿ ಗುಡ್ಡದ ಹುಲ್ಲು ಒಣಗಿ, ಕಲ್ಲು ಕಾದ ಹೆಂಚಾದಾಗ ಮರುಭೂಮಿಗೂ ಇದಕ್ಕೂ ಹೆಚ್ಚಿನ ಅಂತರ ತೋರದು. ಆಗ ಒಂದು ಕಿಡಿ ಬಿದ್ದರೂ ಗುಡ್ಡವೇ ಹೊತ್ತಿಕೊಳ್ಳುವುದು. ಆದುದರಿಂದ ಬೀಡಿ ಸಿಗರೇಟು, ಒಲೆ ಹೂಡುವ ಉತ್ಸಾಹ ಇವನ್ನೆಲ್ಲ ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು.

ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ, ತಲೆಗೊಂದು ಬಟ್ಟೆ, ತಲಾ ಎರಡು ಬಾಟಲಿ ನೀರು, ಗಟ್ಟಿಯಾದ ಪಾದರಕ್ಷೆ. ಇಷ್ಟಿದ್ದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ನಡೆಯಬಹುದು. ಗುಡ್ಡ ಈಗ ವನ್ಯಜೀವಿಧಾಮವಾಗಿರುವುದರಿಂದ ಯಾತ್ರಿಕರ ಹಾದಿಯನ್ನು ಬಿಟ್ಟು ಒಳಗೆ ಹೋಗಬಯಸುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ತೋಳ, ಕತ್ತೆಕಿರುಬ, ಚಿರತೆಗಳ ಸೀಮೆ ಇದು. ಸೂರ್ಯ ಇಳಿಯುವ ಮೊದಲೇ ಕೆಳಗಿಳಿಯಬೇಕು. ಅವು ಮನುಷ್ಯನ ಸುಳಿವು ಕಂಡರೆ ತಾವಾಗಿ ದೂರ ಸರಿಯುವವು. ಕಾಣುವುದೇನಿದ್ದರೂ ನವಿಲು.

ನಡೆಯುತ್ತ ಹೋದಂತೆ ನೆಲದ ಬಣ್ಣ ಬದಲಾಗುವುದನ್ನು ಮಕ್ಕಳೇ ಮೊದಲು ಕಾಣುವರು.

“ಅಜ್ಜಾ, ಈ ಕಲ್ಲು ಯಾಕ ಹಸರೈತಿ?” ಎಂದು ಕೇಳುವ ಮೊಮ್ಮಗನಿಗೆ ಉತ್ತರ ಕೊಡಲು ಅಜ್ಜ ಸಿದ್ಧನಾಗಿರಬೇಕು.

ಕಪ್ಪಗಿದ್ದ ಲಾವಾ ಶಿಲೆ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಅದರಲ್ಲಿದ್ದ ಖನಿಜಗಳು ಕ್ಲೋರೈಟ್ ಎಂಬ ಹಸುರು ಖನಿಜವಾಗಿ ಮಾರ್ಪಟ್ಟಿವೆ. ಆದುದರಿಂದಲೇ ಕಲ್ಲಿಗೆ ಈ ಎಳೆಹಸುರಿನ ಛಾಯೆ. ಇನ್ನು ಗುಡ್ಡದ ನೆತ್ತಿಯ ಮೇಲೆ ಕೆಂಪು, ಕಂದು, ಬೂದು ಪಟ್ಟೆಗಳ ಗಟ್ಟಿ ಕಲ್ಲು ಸಿಗುವುದು. ಇಳಕಲ್ ಸೀರೆಯ ಅಂಚಿನಂತೆ ಒಂದರ ಪಕ್ಕ ಒಂದು ಗೆರೆ. ಅದು ಕಬ್ಬಿಣದ ಅದಿರು ಬೆರೆತ ಶಿಲೆ. ಅಂದಿನ ಕಡಲಿನಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕಿಳಿದು ಆದದ್ದು. ಮೆತ್ತಗಿನ ಶಿಲೆಗಳನ್ನು ಮಳೆಗಾಳಿಗಳು ತಿಂದು ಹಾಕಿದರೂ ಈ ಗಟ್ಟಿ ಪಟ್ಟೆಗಳು ಎದೆಗೊಟ್ಟು ನಿಂತವು. ಗುಡ್ಡ ಗುಡ್ಡವಾಗಿ ಉಳಿದದ್ದು ಇವುಗಳಿಂದಲೇ.

ಎಲ್ಲಿಯಾದರೂ ಬಂಡೆಯ ಮೇಲೆ ದಿಂಬಿನಾಕಾರ ಕಂಡರೆ ಮಕ್ಕಳಿಗೊಂದು ಒಗಟು ಹಾಕಬಹುದು: ಈ ದಿಂಬಿನ ತಲೆ ಯಾವ ಕಡೆ, ಬುಡ ಯಾವ ಕಡೆ? ರಸ ಮೆತ್ತಗಿದ್ದಾಗ ಮೇಲ್ಭಾಗ ಗುಂಡಗೆ ಉಬ್ಬುವುದು. ಕೆಳಭಾಗ ಮಾತ್ರ ಅಡಿಯ ಎರಡು ದಿಂಬುಗಳ ಸಂದಿನಲ್ಲಿ ಬಾಲದಂತೆ ಜೋತುಬೀಳುವುದು. ಬಾಲ ತೋರುವ ದಿಕ್ಕೇ ಅಂದಿನ ಕಡಲ ತಳ. ಗುಡ್ಡವೇ ಮಗ್ಗುಲು ಬದಲಿಸಿ ಮಲಗಿದ್ದರೂ ಅಂದು ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬುದನ್ನು ಭೂವಿಜ್ಞಾನಿಗಳು ಓದುವುದು ಈ ಗುರುತಿನಿಂದಲೇ.

ಬಂಗಾರದ ಬಿಲಗಳು

ಕಪ್ಪತಗುಡ್ಡದ ಸಾಲಿನಲ್ಲಿ ಗವಿಗಳಂತೆ ತೋರುವ ಕತ್ತಲೆಯ ಬಾಯಿಗಳು ಕೆಲವುಂಟು. ಮಕ್ಕಳ ಕಾಲು ಅತ್ತ ಎಳೆಯುವುದು ಸಹಜ. ಆದರೆ ಅವು ಬೆಂಕಿ ಮಾಡಿದ ಗವಿಗಳಲ್ಲ. ಮನುಷ್ಯನ ಆಸೆ ತೋಡಿದ ಬಿಲಗಳು.

ಲಾವಾ ಶಿಲೆಗಳು ಮಡಿಕೆಬಿದ್ದು ಬಿರುಕುಬಿಟ್ಟಾಗ ನೆಲದಾಳದ ಬಿಸಿನೀರು ಆ ಬಿರುಕುಗಳಲ್ಲಿ ಹರಿದು ಬಿಳಿಯ ಬೆಣಚುಕಲ್ಲಿನ ಎಳೆಗಳನ್ನು ಬಿಟ್ಟುಹೋಯಿತು. ಅದರೊಡನೆ ಚಿನ್ನದ ಕಣಗಳೂ ಬಂದವು. ಹಟ್ಟಿಯಲ್ಲಿ, ಕೋಲಾರದಲ್ಲಿ ಆದದ್ದೂ ಬಹುಮಟ್ಟಿಗೆ ಇದೇ. ಗುಡ್ಡದ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ಆರಿಸುವ ಜಾಲಗಾರರು ಈ ಸೀಮೆಯಲ್ಲಿ ಬಹುಕಾಲದಿಂದ ಇದ್ದರು. ಭಾರತೀಯ ಪ್ರಾಗಿತಿಹಾಸದ ಪಿತಾಮಹನೆಂದು ಹೆಸರಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಗೆ ಬಂದು, ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು 1874ರಲ್ಲಿ ಬರೆದ ವರದಿಯಲ್ಲಿ ಜಾಲಗಾರರ ಕೆಲಸವೂ, ಸೊರಟೂರಿನ ಹಳ್ಳವೂ ಬರುತ್ತವೆ. ಇಲ್ಲಿಯ ಪುರಾತನ ಶಿಲೆಗಳ ಗುಂಪಿಗೆ ಧಾರವಾಡದ ಹೆಸರು ಕೊಟ್ಟು ಅದನ್ನು ಲೋಕವಿಖ್ಯಾತಗೊಳಿಸಿದವನೂ ಆತನೇ.

20ನೆಯ ಶತಮಾನದ ಆರಂಭದಲ್ಲಿ ಕಬುಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿಗಳ ಆಸುಪಾಸಿನಲ್ಲಿ ಕಂಪನಿಗಳು ಬಾವಿಯಂತಹ ಆಳದ ಕುಳಿಗಳನ್ನು ಇಳಿಸಿದವು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಕಾರಣ ಒಂದು ಗಣಿಗೆ ಸಾಂಗಲಿ ಗಣಿ ಎಂಬ ಹೆಸರೇ ಉಳಿಯಿತು. ಆದರೆ ಹಾಕಿದ ಹಣಕ್ಕೆ ತಕ್ಕ ಬಂಗಾರ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಯಂತ್ರಗಳು ಸದ್ದಡಗಿದವು. ಉಳಿದದ್ದು ಬಾಯ್ದೆರೆದ ಕುಳಿಗಳು.

ಈ ಕುಳಿಗಳ ಅಂಚು ಸಡಿಲವಾಗಿರುತ್ತದೆ. ಹುಲ್ಲು ಬೆಳೆದು ಬಾಯಿ ಮುಚ್ಚಿರುತ್ತದೆ. ಒಳಗೆ ನೀರು ನಿಂತಿರಬಹುದು, ಉಸಿರಾಟಕ್ಕೆ ಯೋಗ್ಯವಾದ ಗಾಳಿ ಇಲ್ಲದಿರಬಹುದು. ಆದುದರಿಂದ ಯಾವ ಕಾರಣಕ್ಕೂ ಅವುಗಳೊಳಗೆ ಇಳಿಯಬಾರದು, ಅಂಚಿಗೂ ಹೋಗಬಾರದು. ಹವಾಯಿಯ ಸುರಂಗದಲ್ಲಿ ಮಕ್ಕಳನ್ನು ನಡೆಸುವುದೇ ಬೇರೆ, ಹಾಳುಬಿದ್ದ ಗಣಿಯ ಬಾಯಿಗೆ ಬಿಡುವುದೇ ಬೇರೆ. ಈ ಒಂದು ಮಾತನ್ನು ಹೊರಡುವ ಮೊದಲೇ ಮಕ್ಕಳಿಗೆ ತಿಳಿಯಹೇಳುವುದು ಹಿರಿಯರ ಕರ್ತವ್ಯ.

ಗುಡ್ಡವೋ, ಬಂಗಾರವೋ?

ಗಣಿ ನಿಂತರೂ ಬಂಗಾರದ ಮಾತು ನಿಲ್ಲಲಿಲ್ಲ. ಇಂತಹ ಶಿಲೆಯಲ್ಲಿ ಒಂದು ಟನ್ ಕಲ್ಲನ್ನು ಪುಡಿಮಾಡಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ರಾಶಿ ಹಾಕಬೇಕಾದ ಪುಡಿ. ಅದರಿಂದ ಚಿನ್ನವನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಬಳಸುವುದು ಸೈನೈಡ್ ಎಂಬ ಘೋರವಿಷವನ್ನು. ಈ ಗುಡ್ಡದ ಹಳ್ಳಗಳ ನೀರು ಇಳಿಯುವುದು ತುಂಗಭದ್ರೆಯ ಕಡೆಗೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಬಾವಿಗಳಿಗೆ ನೀರು ಇಂಗಿಸುವುದೂ ಈ ಗುಡ್ಡವೇ. ಗಣಿಯಿಂದ ಕೆಲಸ ಸಿಗುವುದೆಂದು ಆಸೆಪಟ್ಟವರ ಮಾತನ್ನು ತಳ್ಳಿಹಾಕುವಂತಿಲ್ಲ. ಬರಗಾಲದಲ್ಲಿ ಗುಳೆ ಹೋಗಬೇಕಾದವನಿಗೆ ಮನೆಯ ಹತ್ತಿರದ ಕೂಲಿ ಸಣ್ಣದಲ್ಲ. ಆದರೆ ಕಬುಲಾಯತಕಟ್ಟಿಯ ಕುಳಿಗಳು ಹೇಳುವಂತೆ ಗಣಿಯ ಕೂಲಿ ಕೆಲವು ವರ್ಷದ್ದು. ಬಾವಿಯ ನೀರು ಮೊಮ್ಮಕ್ಕಳ ಕಾಲಕ್ಕೂ ಬೇಕಾದದ್ದು.

ಸರಕಾರವು 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಜನ ಸುಮ್ಮನಿರಲಿಲ್ಲ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದಾಳುತನ ವಹಿಸಿದರು. 2017ರ ಫೆಬ್ರವರಿಯಲ್ಲಿ ರೈತರು, ವಿದ್ಯಾರ್ಥಿಗಳು, ವ್ಯಾಪಾರಿಗಳು, ಸಾಹಿತಿಗಳು ಗದಗಿನಲ್ಲಿ ಧರಣಿ ಕುಳಿತರು. ಅದೇ ವರ್ಷ ಗುಡ್ಡಕ್ಕೆ ಸಂರಕ್ಷಣೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವೆನಿಸಿತು. ಅದನ್ನು ಕಾಣಲು ಸ್ವಾಮಿಗಳು ಇರಲಿಲ್ಲ; 2018ರಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು. ಬಂಗಾರದ ಬೆಲೆ ಏರುತ್ತಿರುವಷ್ಟು ಕಾಲ ಗುಡ್ಡದ ಮೇಲಿನ ಕಣ್ಣು ಸಂಪೂರ್ಣ ಮುಚ್ಚಿತೆಂದು ಯಾರೂ ಹೇಳಲಾರರು. ಗುಡ್ಡವನ್ನು ಕಣ್ಣಾರೆ ಕಂಡ, ಅದರ ಕಲ್ಲಿನ ಕಥೆ ಬಲ್ಲ ಮಕ್ಕಳೇ ನಾಳೆ ಅದಕ್ಕೆ ಕಾವಲು.

ಮರಳುವ ದಾರಿ

ಇಳಿಹೊತ್ತಿಗೆ ಗುಡ್ಡ ಇಳಿದವರು ಡಂಬಳದ ದೊಡ್ಡಬಸಪ್ಪನ ಗುಡಿಯ ಮುಂದೆ ತುಸು ಹೊತ್ತು ನಿಲ್ಲಬೇಕು. 12ನೆಯ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ ಇದು. ಇದರ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಅಷ್ಟೊಂದು ಮೂಲೆಗಳನ್ನು ಕೂರಲಗಿನಂತೆ ಕಡೆಯಲು ಶಿಲ್ಪಿಗೆ ಸಾಧ್ಯವಾದುದು ಹೇಗೆ? ಕಲ್ಲು ಮೆದುವಾಗಿದ್ದುದರಿಂದ. ಡಂಬಳ, ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳ ಗುಡಿಗಳಿಗೆ ಚಾಲುಕ್ಯ ಶಿಲ್ಪಿಗಳು ಆರಿಸಿಕೊಂಡದ್ದು ಹಸುರುಛಾಯೆಯ ಈ ಮೆದು ಶಿಲೆಯನ್ನು. ಗುಡ್ಡದಲ್ಲಿ ಮೊಮ್ಮಗ ಹೆಸರು ಕೇಳಿದ ಅದೇ ಕ್ಲೋರೈಟ್ ಖನಿಜ ಇದರಲ್ಲಿಯೂ ಇದೆ. ಇಲ್ಲಿಯ ಗೋಡೆಯನ್ನು ಮುಟ್ಟಿ ನೋಡಿದರೆ ಬೆಳಗಿನಿಂದ ಕಂಡದ್ದೆಲ್ಲ ಒಂದೆಡೆ ಕೂಡಿದಂತಾಗುವುದು.

ಚಳಿಗಾಲದಲ್ಲಿ ಹೋದವರು ಮರುದಿನ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೂ ಹೋಗಬಹುದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುವವು. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಕೊನೆಗೊಂದು ಮಾತು. ಮಕ್ಕಳ ಜೇಬಿನಲ್ಲಿ ಒಂದಾದರೂ ಬಣ್ಣದ ಕಲ್ಲು ಅಡಗಿರುವುದು ಖಂಡಿತ. ವನ್ಯಜೀವಿಧಾಮದಿಂದ ಏನನ್ನೂ ಒಯ್ಯಬಾರದೆಂಬುದು ಕಾನೂನು. ಗದರಿಸಬೇಕಾಗಿಲ್ಲ. ಆ ಕಲ್ಲಿನ ವಯಸ್ಸನ್ನು ಮತ್ತೊಮ್ಮೆ ನೆನಪಿಸಿ, ಅದನ್ನು ಎಲ್ಲಿಂದ ಎತ್ತಿಕೊಂಡನೋ ಅಲ್ಲಿಯೇ ಇಡಲು ಹೇಳಿದರೆ ಸಾಕು. ಇಷ್ಟು ಕಾಲ ಅಲ್ಲಿದ್ದ ಕಲ್ಲು ಮುಂದೆಯೂ ಅಲ್ಲಿಯೇ ಇರಲೆಂದು ತಾನೇ ಬಾಗಿ ಇಟ್ಟುಬಂದ ಹುಡುಗನಿಗೆ ಕಪ್ಪತಗುಡ್ಡ ಮುಂದೆಂದಿಗೂ ಬರಿಯ ನೀಲಿ ಗೆರೆಯಾಗಿ ಕಾಣದು.